ಕೊಕ್ಕೆ ಕಂಡಿತು, ಮೀನು ಕಾಣಲಿಲ್ಲ

ಹೋದ ವರ್ಷದ ಇಂಟರ್ವ್ಯೂನಲ್ಲಿ ರೊವೀನಾ ಎಲರ್ಬಿಯ ಬಾಯಿಗೆ ಬೀಗ ಬಿದ್ದಿತ್ತು. ಲ್ಯಾಪ್‌ಟಾಪಿನ ಪರದೆಯೊಳಗೆ ಕೂತ ಇಬ್ಬರು ಹಿರಿಯ ಡಾಕ್ಟರುಗಳು ಕೇಳಿದ್ದು ಬಹಳ ಸುಲಭದ ಪ್ರಶ್ನೆ: ರೇಡಿಯಾಲಜಿಯನ್ನೇ ಯಾಕೆ ಕಲಿಯಬೇಕು ಅನ್ನಿಸಿತು? ಅದಕ್ಕೆ ಆರು ತಿಂಗಳು ಉರು ಹೊಡೆದ ಉತ್ತರ ಅವಳಲ್ಲಿತ್ತು. ಆದರೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತು. ಇಪ್ಪತ್ತು ಸೆಕೆಂಡು ಸುಮ್ಮನೆ ಕೂತಿದ್ದು, ಆಮೇಲೆ "ನನಗೆ ಕತ್ತಲೆ ಕೋಣೆ ಇಷ್ಟ" ಅಂದುಬಿಟ್ಟಳು. ಇಬ್ಬರಲ್ಲೊಬ್ಬರು ಏನನ್ನೋ ಬರೆದುಕೊಂಡರು. ಏನು ಬರೆದುಕೊಂಡಿರಬಹುದೆಂದು ಊಹಿಸಲು ವೈದ್ಯಶಾಸ್ತ್ರ ಓದಬೇಕಾಗಿರಲಿಲ್ಲ.

ಅದರ ಹಿಂದಿನ ವರ್ಷ ಪ್ರವೇಶ ಪರೀಕ್ಷೆಯಲ್ಲೇ ನಾಲ್ಕು ಅಂಕ ಕಡಿಮೆಯಾಗಿ ಇಂಟರ್ವ್ಯೂವರೆಗೆ ಹೋಗಿರಲೇ ಇಲ್ಲ. ಹೀಗಾಗಿ ಇದು ಮೂರನೆಯ ಸಲ. ಇಡೀ ದೇಶಕ್ಕೆ ಒಂದೇ ಆಯ್ಕೆ, ಒಂದೊಂದು ಜಾಗಕ್ಕೂ ಹತ್ತಕ್ಕಿಂತ ಹೆಚ್ಚು ಜನ. ಮೀನುಗಾರಿಕೆಯ ಊರಾದ ಹೇವರ್‌ಬಿಯ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಅವಳಿಗಿದ್ದ ಕೆಲಸದ ಕರಾರು ಆಗಸ್ಟಿನ ಮೊದಲ ಬುಧವಾರ ಮುಗಿಯುತ್ತಿತ್ತು. ಆ ದಿನ ದೇಶದ ಕಿರಿಯ ಡಾಕ್ಟರುಗಳೆಲ್ಲ ಕುರ್ಚಿ ಬದಲಿಸುತ್ತಾರೆ. ಈ ಸಲ ಅವಳ ಕುರ್ಚಿಯ ಮೇಲೆ ಆಗಲೇ ಬೇರೊಬ್ಬರ ಹೆಸರು ಬಿದ್ದಿತ್ತು. ಈ ಸಲವೂ ತಪ್ಪಿದರೆ ರೇಡಿಯಾಲಜಿಯ ಆಸೆಯನ್ನು ಬಿಟ್ಟುಬಿಡುವುದೆಂದು ಅವಳೇ ತೀರ್ಮಾನಿಸಿದ್ದಳು.

ರೊವೀನಾಳನ್ನು ಹೆದರುಪುಕ್ಕಲಿ ಎಂದು ತಿಳಿಯಬೇಡಿ. ಶನಿವಾರ ಕುಡಿದು ಬಂದು ಕುರ್ಚಿ ಎತ್ತುವ ಹಡಗುಕಟ್ಟೆಯ ಗಂಡಸರನ್ನು "ಕೂತ್ಕೊಳಪ್ಪ, ಹೊಲಿಗೆ ಹಾಕ್ಬೇಕು" ಎಂದು ಕೂರಿಸುವ ಹೆಂಗಸು ಅವಳು. ಅಪ್ಪ ಇಲ್ಲದ ಮನೆ. ತಾಯಿ ಮಾರ್ಲೀನ್ ಇಪ್ಪತ್ತಾರು ವರ್ಷದಿಂದ ಮೀನಿನ ಕಾರ್ಖಾನೆಯಲ್ಲಿ ಹ್ಯಾಡಕ್ ಮೀನು ಸೀಳಿ ಮುಳ್ಳು ತೆಗೆಯುತ್ತಿದ್ದವಳು. ಬೆಳಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಎರಡಕ್ಕೆ ಮನೆ. ಬಂದು ಸ್ನಾನ ಮಾಡಿ ಚಹಾ ಮಾಡಿಟ್ಟುಕೊಂಡು, ಮೊಟ್ಟೆ ಬೇಯಿಸುವಾಗ ಹೊತ್ತು ಅಳೆಯುವ ಗಡಿಯಾರವನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟು, ಮೂಗಿನ ತುದಿಗೆ ಕನ್ನಡಕ ಇಳಿಸಿ ಆಯ್ಕೆ ಸಮಿತಿಯಾಗುತ್ತಿದ್ದಳು.

"ಡಾಕ್ಟರ್ ಎಲರ್ಬಿಯವರೇ, ನಿಮ್ಮಿಂದ ಆದ ಒಂದು ತಪ್ಪು ಹೇಳಿ."

ಈ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೇ ಅಭ್ಯರ್ಥಿಗಳೆಲ್ಲ ಒಂದು ಸಾಧು ತಪ್ಪನ್ನು ಸಾಕಿಕೊಂಡಿರುತ್ತಾರೆ. ಯಾರಿಗೂ ನೋವಾಗದ, ಸಮಯಕ್ಕೆ ಸರಿಯಾಗಿ ಸಿಕ್ಕಿಬಿದ್ದ, ಕೊನೆಯಲ್ಲಿ ಹೇಳುವವರನ್ನೇ ಒಳ್ಳೆಯವರನ್ನಾಗಿ ಮಾಡುವ ತಪ್ಪು. ರೊವೀನಾಳದು ಒಂದು ಎಕ್ಸ್‌ರೇ ಚೀಟಿಯ ಕಥೆ. ಬಲಗಾಲು ಅನ್ನುವ ಕಡೆ ಎಡಗಾಲು ಎಂದು ಬರೆದಿದ್ದಳು. ಎಕ್ಸ್‌ರೇ ತೆಗೆಯುವಾಕೆ ಕೂಡಲೇ ಹಿಡಿದಳು. ಆಮೇಲೆ ಇವಳು ಇಡೀ ವಿಭಾಗಕ್ಕೆ ಹೊಸ ನಮೂನೆಯ ಚೀಟಿ ಮಾಡಿಕೊಟ್ಟಳು.

ಮಾರ್ಲೀನ್ ಪೂರ್ತಿ ಕೇಳಿ ಚಹಾ ಹೀರಿದಳು. "ಇದೂ ಒಂದು ತಪ್ಪಾ ಕಂದ? ಸಾರಿಗೆ ಉಪ್ಪು ಮರೆತ ಹಾಗಿದೆ. ನಾನೇನಾದ್ರೂ ಆ ಸಮಿತೀಲಿದ್ರೆ, ಇವಳು ಏನೋ ಮುಚ್ಚಿಡ್ತಿದ್ದಾಳೆ ಅಂತಿದ್ದೆ."

"ಎಲ್ರೂ ಹಿಂಗೇ ಹೇಳೋದಮ್ಮ."

"ಹಂಗಾದ್ರೆ ಎಲ್ರೂ ಏನೋ ಮುಚ್ಚಿಡ್ತಿದ್ದೀರ. ಗಡಿಯಾರ ತಿರುಗಿಸು, ಇನ್ನೊಂದು ಸಲ."

ತಾಯಿಯ ಪಾಠ ಮಧ್ಯಾಹ್ನದ್ದಾದರೆ, ಬುಧವಾರ ಊಟದ ಹೊತ್ತಿನ ಪಾಠ ಡಾಕ್ಟರ್ ಪ್ರಾಥರೋ ಅವರದು. ಇಡ್ರಿಸ್ ಪ್ರಾಥರೋ ವೇಲ್ಸ್ ಕಡೆಯವರು, ಈ ಆಸ್ಪತ್ರೆಯ ಹಿರಿಯ ರೇಡಿಯಾಲಜಿಸ್ಟ್, ನಿವೃತ್ತಿಗೆ ವರ್ಷವೂ ಉಳಿದಿರಲಿಲ್ಲ. ಪರದೆ ಎಳೆದ ಕತ್ತಲ ಕೋಣೆಯಲ್ಲಿ ಚೀಸ್ ಮತ್ತು ಉಪ್ಪಿನಕಾಯಿಯ ಸ್ಯಾಂಡ್‌ವಿಚ್ ತಿನ್ನುತ್ತಾ, ಒಂದಾದ ಮೇಲೊಂದು ಹಳೆಯ ಎಕ್ಸ್‌ರೇ ತೋರಿಸುತ್ತಿದ್ದರು. ಅವರ ಕಂಪ್ಯೂಟರಿನಲ್ಲಿ ಒಂದು ಕಡತವಿತ್ತು. ಅದರಲ್ಲಿದ್ದ ಚಿತ್ರಗಳೆಲ್ಲ ಯಾವತ್ತೋ ಯಾರೋ ತಪ್ಪಾಗಿ ಓದಿ, ಎಲ್ಲರೂ ಕಲಿಯಲಿ ಎಂದು ತಿಂಗಳ ಸಭೆಗೆ ತಂದುಕೊಟ್ಟವು. ರೋಗಿಯ ಹೆಸರಿರುತ್ತಿರಲಿಲ್ಲ, ಓದಿದವರ ಹೆಸರೂ ಇರುತ್ತಿರಲಿಲ್ಲ. ಯಾರ ತಪ್ಪು ಎಂದು ಅಲ್ಲಿ ಯಾರೂ ಕೇಳಬಾರದು. ಕೇಳಿದರೆ ಮುಂದಿನ ತಿಂಗಳಿಂದ ಯಾರೂ ಚಿತ್ರ ತಂದು ಕೊಡುವುದಿಲ್ಲ ಎನ್ನುವುದು ಆ ಕಸುಬಿನವರ ಲೆಕ್ಕಾಚಾರ.

ಪ್ರಾಥರೋ ಸರಿ ಅನ್ನುತ್ತಿರಲಿಲ್ಲ, ತಪ್ಪು ಅಂತಲೂ ಅನ್ನುತ್ತಿರಲಿಲ್ಲ. ಏನು ಹೇಳಿದರೂ ಅವರದೊಂದೇ ಮಾತು. "ಇನ್ನೇನು?"

ಯಾಕೆಂದರೆ ಈ ಕಸುಬಿನ ದೊಡ್ಡ ಗುಂಡಿ ಅದೇ. ಒಂದು ಕೆಡುಕು ಕಣ್ಣಿಗೆ ಬಿದ್ದ ಕೂಡಲೇ ಮನಸ್ಸಿಗೆ ಹೊಟ್ಟೆ ತುಂಬಿದಂತಾಗುತ್ತದೆ. ಕಣ್ಣು ಹುಡುಕುವುದನ್ನು ನಿಲ್ಲಿಸಿಬಿಡುತ್ತದೆ. ಎರಡನೆಯದು ಅಲ್ಲೇ ಮೂಲೆಯಲ್ಲಿ ಕೂತಿರುತ್ತದೆ.

ಇಂಟರ್ವ್ಯೂಗೆ ಒಂಬತ್ತು ದಿನವಿದ್ದ ಬುಧವಾರ ಪ್ರಾಥರೋ ಒಂದು ಎದೆಯ ಚಿತ್ರ ಹಾಕಿದರು. ರೊವೀನಾ ಅಂದು ಒಳ್ಳೆಯ ಲಯದಲ್ಲಿದ್ದಳು. ಅರ್ಧ ನಿಮಿಷ ಆಗಿರಲಿಲ್ಲ, ಬಲಗಡೆ, ಕತ್ತಿನ ಬುಡದಿಂದ ಭುಜಕ್ಕೆ ಹೋಗುವ ಕೊರಳ ಎಲುಬಿನ ಹಿಂದೆ ಅಡಗಿದ್ದ ಗಂಟನ್ನು ತೋರಿಸಿದಳು. "ಇಲ್ಲಿ. ಒಂದು ಸೆಂಟಿಮೀಟರ್ ಇರಬಹುದು. ಗೆಡ್ಡೆ."

"ಇನ್ನೇನು?"

"ಎಡಗಡೆ ಎರಡು ಪಕ್ಕೆಲುಬು ಮುರಿದಿದೆ."

"ಇನ್ನೇನು?"

ಅವಳ ಕಣ್ಣು ಎಡಭುಜದ ಕಡೆಗೆ ಹೋಯಿತು. ಮಾಂಸದೊಳಗೆ ಬೆಳ್ಳಗೆ ಹೊಳೆಯುವ, ಬಾಗಿದ ಒಂದು ಚೂರು. "ಗಾಳದ ಕೊಕ್ಕೆ" ಅಂದಳು.

ಪ್ರಾಥರೋ ಸ್ಯಾಂಡ್‌ವಿಚ್ಚನ್ನು ಕೆಳಗಿಟ್ಟರು. "ಕೊಕ್ಕೆ ಅಂತ ಹೇಗೆ ಗೊತ್ತಾಯ್ತು? ಇದುವರೆಗೆ ನೋಡಿದೋರೆಲ್ಲ ತಂತಿ, ಮೊಳೆ ಅಂದಿದ್ದಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರೊವೀನಾ ಮುಟ್ಟಿಕೊಳ್ಳದೆ ಹೇಗೋ ತಡೆದುಕೊಂಡಳು. "ಮೀನಿನ ಊರಲ್ವಾ ಡಾಕ್ಟರ್, ಇಲ್ಲೇ ಹುಟ್ಟಿದವಳು ನಾನು" ಎಂದು ನಕ್ಕಳು. ನಗು ತನ್ನದಲ್ಲದಂತೆ ಕೇಳಿಸಿತು. ಮುಂದಿನ ಎರಡು ಚಿತ್ರದಲ್ಲಿ ಅವಳು ಏನು ನೋಡಿದಳೋ ಏನು ಹೇಳಿದಳೋ ಅವಳಿಗೇ ಗೊತ್ತಿಲ್ಲ.

ಮೂರು ವರ್ಷದ ಹಿಂದಿನ ಫೆಬ್ರವರಿ. ಅವಳು ಡಾಕ್ಟರಾದ ಎರಡನೆಯ ವರ್ಷ. ಸಿರಿಲ್ ಹಾಬ್ಸನ್ ಎಂಬ ಎಪ್ಪತ್ತರ ಮುದುಕ ಕಸದ ಡಬ್ಬಿ ಹೊರಗಿಡಲು ಹೋಗಿ ಹಿಮದ ಮೇಲೆ ಜಾರಿ ಬಿದ್ದು ಬಂದಿದ್ದ. ಹೆಂಡತಿ ಬಲವಂತದಿಂದ ಕರೆತಂದಿದ್ದಳು. ರೊವೀನಾ ಎಕ್ಸ್‌ರೇ ತೆಗೆಸಿ ನೋಡಿದಾಗ ಕೊಕ್ಕೆ ಕಂಡು ಬೆಚ್ಚಿದ್ದಳು. ಮುದುಕ ಕೆಮ್ಮುತ್ತಾ ನಕ್ಕಿದ್ದ. "ಐಸ್‌ಲ್ಯಾಂಡ್ ಸಮುದ್ರದಲ್ಲಿ ಚುಚ್ಚಿದ್ದು ತಾಯಿ. ಆವತ್ತು ಮುರಿದು ಒಳಗೇ ಉಳೀತು. ಹುಷಾರು, ನನ್ನನ್ನ ಹಿಡಿದು ಮತ್ತೆ ನೀರಿಗೆ ಬಿಟ್ಟೀರಿ!" ಎಲ್ಲರೂ ನಕ್ಕಿದ್ದರು. ಎರಡು ಪಕ್ಕೆಲುಬು ಮುರಿದಿವೆ, ಶ್ವಾಸಕೋಶಕ್ಕೆ ತೊಂದರೆಯಿಲ್ಲ ಎಂದು ಬರೆದು, ನೋವಿನ ಮಾತ್ರೆ ಕೊಟ್ಟು ಕಳಿಸಿದ್ದಳು. ಕೊಕ್ಕೆ ಕಂಡಿತ್ತು, ಮುರಿದ ಎಲುಬು ಕಂಡಿತ್ತು. ಗೆಡ್ಡೆ ಅಲ್ಲೇ ಇತ್ತು. ಅದನ್ನು ಅವಳು ನೋಡಿರಲಿಲ್ಲ.

ಚಿತ್ರ ಮತ್ತೆ ಕಂಡ ಆ ಬುಧವಾರದಿಂದ ಭಯದ ಬಣ್ಣವೇ ಬದಲಾಯಿತು. ಮೊದಲು ಇದ್ದದ್ದು ಬಾಯಿ ಕಟ್ಟೀತೆಂಬ ಭಯ. ಈಗಿನದು ಬಾಯಿ ಬಿಟ್ಟರೆ ಏನಾದೀತೆಂಬ ಭಯ. ಹೇಳಿದರೆ ವಿಚಾರಣೆ, ಮೇಲಿನವರಿಗೆ ವರದಿ, ಇಂಟರ್ವ್ಯೂಗೆ ವಾರವಿರುವಾಗ ಹೆಸರಿನ ಮೇಲೊಂದು ಕಲೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕಡತದಲ್ಲಿ ಹೆಸರಿಲ್ಲ, ಕೇಳುವ ಪದ್ಧತಿಯೂ ಇಲ್ಲ. ಬಾಯಲ್ಲಿ ಬಿಸಿ ತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ.

ಶುಕ್ರವಾರ ವಾರ್ಡಿನ ಕಂಪ್ಯೂಟರಿನ ಮುಂದೆ ಕೂತು ಹಾಬ್ಸನ್ ಎಂದು ಟೈಪ್ ಮಾಡಿದಳು. ಮುದುಕ ಇದ್ದಾನೋ ಇಲ್ಲವೋ, ಅಷ್ಟು ತಿಳಿದರೆ ಸಾಕು. ಬೆರಳು ಒತ್ತುವಷ್ಟರಲ್ಲಿ ನಿಂತಿತು. ತನ್ನ ಕೈಕೆಳಗಿಲ್ಲದ ರೋಗಿಯ ದಾಖಲೆಯನ್ನು ಕುತೂಹಲಕ್ಕೆ ತೆರೆಯುವುದು ಇಲ್ಲಿ ಕೆಲಸವನ್ನೇ ಕಳೆಯುವ ಅಪರಾಧ. ಯಾರು ಯಾವಾಗ ತೆರೆದರೆಂದು ಯಂತ್ರ ನೆನಪಿಟ್ಟುಕೊಳ್ಳುತ್ತದೆ. ಒಂದು ತಪ್ಪಿನ ಭಯಕ್ಕೆ ಇನ್ನೊಂದು ಮಾಡಲು ಹೊರಟಿದ್ದಳು. ಒಂದೊಂದೇ ಅಕ್ಷರ ಅಳಿಸಿ ಎದ್ದಳು.

ಅಂದು ಮಧ್ಯಾಹ್ನ ಮಾರ್ಲೀನ್ ಮೀನು ಮತ್ತು ಆಲೂ ಕರಿದು ತಟ್ಟೆಗೆ ಹಾಕಿದಳು. ಶುಕ್ರವಾರದ ಊಟ ಅದು, ಆ ಮನೆಯಲ್ಲಿ ತಪ್ಪಿದ್ದಿಲ್ಲ. ರೊವೀನಾ ಮುಟ್ಟಲಿಲ್ಲ.

"ಏನೇ ರೋ, ಇಂಟರ್ವ್ಯೂ ಭಯ ಅಂದ್ರೆ ನಂಬ್ತೀನಿ. ಆದ್ರೆ ನನ್ನ ಹ್ಯಾಡಕ್ ಬೇಡ ಅನ್ನೋ ಭಯ ನಾನು ಕಂಡಿಲ್ಲ. ಬಸುರಿಯೇನೇ?"

"ಅಮ್ಮಾ!"

"ಮತ್ತೆ ಏನು ಬೊಗಳು."

ರೊವೀನಾ ಬೊಗಳಿದಳು. ಮೊದಲು ನಿಧಾನವಾಗಿ, ಆಮೇಲೆ ಅಳುತ್ತಾ. ವಿಚಾರಣೆಯಾಗುತ್ತದೆ, ಇಂಟರ್ವ್ಯೂ ಹಾಳಾಗುತ್ತದೆ, ಹತ್ತು ವರ್ಷದ ಓದು ನೀರಿಗೆ ಹೋಗುತ್ತದೆ, ನಿನ್ನ ಇಪ್ಪತ್ತಾರು ವರ್ಷದ ಕೈನೋವೂ ಹೋಗುತ್ತದೆ. ಮಾರ್ಲೀನ್ ನಡುವೆ ಬಾಯಿ ಹಾಕಲಿಲ್ಲ. ತಟ್ಟೆಯಲ್ಲಿದ್ದ ಮೀನಿನ ಮೇಲೆ ಅಭ್ಯಾಸಬಲದಿಂದ ಹೆಬ್ಬೆರಳು ಆಡಿಸುತ್ತಿದ್ದಳು. ಮುಳ್ಳು ಹುಡುಕುವ ಬೆರಳು ಅದು.

"ಮುಗೀತಾ?" ಅಂದಳು. "ಆ ಮನುಷ್ಯನಿಗೆ ಏನಾಯ್ತು?"

"ಗೊತ್ತಿಲ್ಲ. ದಾಖಲೆ ನೋಡೋ ಹಾಗಿಲ್ಲ."

"ನಿಮ್ಮ ಡಾಕ್ಟರಿಗೆ ಗೊತ್ತಿರುತ್ತಲ್ಲ. ಅವ್ರನ್ನ ಕೇಳಿದ್ಯಾ?"

ರೊವೀನಾ ಇಲ್ಲವೆಂದು ತಲೆಯಾಡಿಸಿದಳು.

"ಕಾಲು ಗಂಟೆ ಮಾತಾಡಿದೆ ಕಂದ. ಅದ್ರಲ್ಲಿ ನಿನ್ನ ಇಂಟರ್ವ್ಯೂ ಬಂತು, ನಿನ್ನ ಓದು ಬಂತು, ನನ್ನ ಕೈನೋವೂ ಬಂತು. ಅವನ ಹೆಸರು ಒಂದೇ ಸಲ ಬಂತು." ಮಾರ್ಲೀನ್ ತಟ್ಟೆಯನ್ನು ಮಗಳ ಕಡೆಗೆ ತಳ್ಳಿದಳು. "ಒಂದು ಮುಳ್ಳು ಸಿಕ್ತು ಅಂತ ಮೀನನ್ನ ಮುಂದಕ್ಕೆ ತಳ್ಳೋಳು ನಮ್ಮ ಲೈನಲ್ಲಿ ಒಂದು ವಾರ ನಿಲ್ಲಲ್ಲ. ಆದ್ರೆ ನಾನೂ ಬಿಟ್ಟಿದ್ದೀನಿ, ಒಂದಲ್ಲ ಹತ್ತು. ಬಿಟ್ಟೆ ಅಂತ ಗೊತ್ತಾದ ಮೇಲೆ ಮೀನು ಸಾಗ್ಸೋ ಬೆಲ್ಟ್ ನಿಲ್ಲಿಸ್ಬೇಕು, ಅಷ್ಟೇ. ಸೋಮವಾರ ಹೋಗಿ ನಿಲ್ಲಿಸು. ಈಗ ತಿನ್ನು."

ಅವಳು ತಿಂದಳು. ಅಳುತ್ತಲೇ ತಿಂದಳು.

ಸೋಮವಾರ ಬೆಳಗ್ಗೆ ಕತ್ತಲ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋದಳು. ಪ್ರಾಥರೋ ಕೂರು ಅಂದರೂ ಕೂರಲಿಲ್ಲ.

"ಆ ಕೊಕ್ಕೆಯ ಚಿತ್ರ, ಡಾಕ್ಟರ್. ಅವರ ಹೆಸರು ಸಿರಿಲ್ ಹಾಬ್ಸನ್. ಆವತ್ತು ಎಮರ್ಜೆನ್ಸೀಲಿ ಅದನ್ನ ಮೊದಲು ನೋಡಿದ್ದು ನಾನು. ಗೆಡ್ಡೆ ನನಗೆ ಕಾಣಲಿಲ್ಲ. ಅವರು... ಈಗ ಹೇಗಿದ್ದಾರೆ?"

ಪ್ರಾಥರೋ ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದರು. "ತೀರಿಕೊಂಡ. ಹೋದ ವಸಂತದಲ್ಲಿ."

ರೊವೀನಾ ಈಗ ಕೂತಳು.

"ನೀನು ನೋಡಿ ಕಳಿಸಿದ ಮೇಲೆ ಆ ಚಿತ್ರ ಕೊನೇ ವರದಿಗೆ ಎಲ್ಲಿಗೆ ಬರುತ್ತೆ?"

"ಇಲ್ಲಿಗೆ."

"ಯಾರ ಹತ್ರ ಬಂತು ಅಂದ್ಕೊಂಡೆ?"

ಅವಳು ತಲೆಯೆತ್ತಿ ಅವರನ್ನು ನೋಡಿದಳು.

"ಪಕ್ಕೆಲುಬು ಎರಡು ಮುರಿದಿದೆ, ಬೇರೇನಿಲ್ಲ. ಕೆಳಗೆ ಇಡ್ರಿಸ್ ಪ್ರಾಥರೋ. ಹದಿನೈದು ತಿಂಗಳಾದ ಮೇಲೆ ರಕ್ತ ಕೆಮ್ಕೊಂಡು ಬಂದ. ಹೊಸ ಚಿತ್ರದ ಪಕ್ಕ ಹೋಲಿಸೋಕೆ ಹಳೇದನ್ನ ಹಾಕಿದೆ. ಹಾಕಿದ ಕೂಡಲೇ ಕಂಡಿತು, ನನ್ನ ಹೆಸರೂ ಕಂಡಿತು." ಅವರು ಕನ್ನಡಕ ತೆಗೆದು ಟೈಯಿಂದ ಒರೆಸಿದರು. "ಅವನ ಮನೆಗೆ ಹೋದೆ. ಎದುರು ಕೂತು ಹೇಳಿದೆ. ಹೆಂಡತಿ ಎದ್ದು ಒಳಗೆ ಹೋದಳು, ನಾನಿರೋವರೆಗೂ ಹೊರಗೆ ಬರಲಿಲ್ಲ. ಅವನು ಭುಜ ಮುಟ್ಕೊಂಡು, 'ಕೊಕ್ಕೆ ನೋಡ್ತಾ ಮೀನು ಬಿಟ್ಟೆಯಲ್ಲಪ್ಪಾ' ಅಂದ. ಅಷ್ಟೇ ಅಂದ."

"ಮೊದಲೇ ಸಿಕ್ಕಿದ್ರೆ ಉಳೀತಿದ್ರಾ?"

"ಗೊತ್ತಿಲ್ಲ. ಉಳಿಯೋ ಅವಕಾಶ ಇತ್ತು. ಅದನ್ನ ಇಲ್ಲ ಅಂತ ಹೇಳಿ ನಿನಗೂ ನನಗೂ ಸಮಾಧಾನ ಮಾಡಲ್ಲ."

ಗೋಡೆಯಾಚೆ ಯಾರದೋ ಹಾಸಿಗೆಯ ಚಕ್ರ ಕಿರುಗುಟ್ಟುತ್ತಾ ಹೋಯಿತು. ಅಲ್ಲಿ ಕೂತಿದ್ದ ರೊವೀನಾಳಿಗೆ ಎದೆಯ ಮೇಲಿನ ಕಲ್ಲು ಒಂದು ಕ್ಷಣ ಹಗುರಾಯಿತು: ಇವರೂ ತಪ್ಪಿದ್ದಾರೆ, ಇವರ ಕೈಯಲ್ಲೇ ತಪ್ಪಿದ್ದು. ಹಗುರಾದದ್ದು ತಿಳಿಯುತ್ತಲೇ ನಾಚಿಕೆಯಿಂದ ಮುಖ ಬಿಸಿಯಾಯಿತು.

"ನಾನು ಹೊತ್ಕೊಂಡೆ ಅಂತ ನಿನ್ನ ಪಾಲು ಹೋಗಲ್ಲ" ಎಂದರು ಪ್ರಾಥರೋ, ಅವಳ ಮನಸ್ಸನ್ನೇ ಓದಿದವರಂತೆ. "ಚೀಟೀಲಿ ನಿನ್ನ ಹೆಸರಿತ್ತು, ನಾನು ಓದಲೇ ಇಲ್ಲ. ತಪ್ಪಿತಸ್ಥ ಒಬ್ಬ ಸಿಕ್ಕಿದ, ಅಲ್ಲಿಗೆ ಹುಡುಕೋದು ನಿಲ್ಲಿಸಿದೆ. ನೋಡು, ಅದರಲ್ಲೂ ಅದೇ ತಪ್ಪು! ತಪ್ಪಾಗಿದೆ ಅಂತ ಆಸ್ಪತ್ರೆಗೆ ಬರ್ಕೊಡೋ ಫಾರಂ ತುಂಬು. ನಿನ್ನ ಮೇಲಿನವರಿಗೆ ಇವತ್ತೇ ಹೇಳು. ನೇಣಿಗೇನೂ ಹಾಕಲ್ಲ."

"ನನಗೆ ಭಯ ಆಗ್ತಿದೆ, ಡಾಕ್ಟರ್. ಈ ಕೆಲಸಕ್ಕೆ ನಾನು ಲಾಯಕ್ಕಾ ಅಂತಲೇ ಗೊತ್ತಿಲ್ಲ. ದಿನಾ ನೂರು ಚಿತ್ರ, ನೂರರಲ್ಲೂ ಇದೇ ಭಯ ಇದ್ರೆ..."

"ಸಿರಿಲ್ ಚಿತ್ರ ನೋಡಿದಾಗ ಸಂಜೆ ಐದಕ್ಕೆ ಹತ್ತು ನಿಮಿಷ ಇತ್ತು. ಊರಿಗೆ ಹೋಗ್ಬೇಕು, ರೈಲಿಗೆ ಟಿಕೆಟ್ ಆಗಿತ್ತು, ಮನಸ್ಸು ಖುಷಿಯಾಗಿತ್ತು. ಆವತ್ತು ನನಗೆ ಒಂಚೂರೂ ಭಯ ಇರಲಿಲ್ಲ." ಪ್ರಾಥರೋ ಪರದೆಯ ಕಡೆ ತಿರುಗಿದರು. "ಹೋಗು, ಫಾರಂ ತುಂಬು."

ರೊವೀನಾ ಅಂದೇ ಫಾರಂ ತುಂಬಿದಳು, ಮೇಲಿನವರಿಗೂ ಹೇಳಿದಳು. ಇಂಟರ್ವ್ಯೂ ಶುಕ್ರವಾರ ಬೆಳಗ್ಗೆ ಹತ್ತೂವರೆಗೆ. ಹಿಂದಿನ ಮಲಗುವ ಕೋಣೆಯ ಕನ್ನಡಿ ಮೇಜಿನ ಮೇಲೆ ಲ್ಯಾಪ್‌ಟಾಪ್. ಮಾರ್ಲೀನ್ ರಜೆ ಹಾಕಿ, ಕರೆಗಂಟೆಯ ಬ್ಯಾಟರಿ ತೆಗೆದು, ಪಕ್ಕದ ಮನೆಯ ನಾಯಿಯನ್ನು ಸಮುದ್ರದ ದಡಕ್ಕೆ ತಿರುಗಾಡಿಸಲು ತಾನೇ ಕರೆದೊಯ್ದಿದ್ದಳು. ರೊವೀನಾ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದಳು. ಪರದೆಯಲ್ಲಿ ಒಬ್ಬ ಬೋಳುತಲೆಯ ಗಂಡಸು, ಒಬ್ಬ ಕೆಂಪು ಕನ್ನಡಕದ ಹೆಂಗಸು. ರೇಡಿಯಾಲಜಿಯೇ ಯಾಕೆ ಎಂದು ಕೇಳಿದರು. ಈ ಸಲ ಬಾಯಿ ಕಟ್ಟಲಿಲ್ಲ. ಉತ್ತರ ಚೆನ್ನಾಗಿರಲಿಲ್ಲ, ಆದರೆ ಬಂತು.

ಆಮೇಲೆ ಕೆಂಪು ಕನ್ನಡಕ ಕೇಳಿತು. "ನಿಮ್ಮಿಂದಾದ ಒಂದು ತಪ್ಪಿನ ಬಗ್ಗೆ ಹೇಳಿ."

ಎಡಗಾಲು ಬಲಗಾಲಿನ ಚೀಟಿ ನಾಲಿಗೆಯ ತುದಿಯಲ್ಲೇ ಇತ್ತು. ಎರಡು ನಿಮಿಷದ ಕಥೆ, ನೂರು ಸಲ ಗಡಿಯಾರ ಇಟ್ಟು ಪಳಗಿಸಿದ್ದು. ರೊವೀನಾ ಅದನ್ನು ಬಿಟ್ಟಳು. "ಒಬ್ಬರು ತೀರಿಕೊಂಡರು" ಎಂದು ಶುರುಮಾಡಿದಳು. ಅದಕ್ಕೆ ಗಡಿಯಾರ ಇಟ್ಟಿರಲಿಲ್ಲ, ಅಲ್ಲಲ್ಲಿ ತಡವರಿಸಿದಳು, ಒಂದು ಕಡೆ ಹಿಂದೆ ಹೋಗಿ ಮತ್ತೆ ಹೇಳಿದಳು. ಹಾಬ್ಸನ್ ಹೆಸರು ಹೇಳಲಿಲ್ಲ. ತಾನು ಐದು ದಿನ ಸುಮ್ಮನಿದ್ದದ್ದನ್ನು ಹೇಳಿದಳು.

ಬೋಳುತಲೆಯವರು ಬರೆಯುವುದನ್ನು ನಿಲ್ಲಿಸಿದ್ದರು. ಕೆಂಪು ಕನ್ನಡಕದಾಕೆ ಮುಂದಕ್ಕೆ ಬಾಗಿದಳು. "ಹಿರಿಯರೂ ಅದನ್ನ ತಪ್ಪಿದ್ರು ಅಂತ ಗೊತ್ತಾದಾಗ ನಿಮಗೆ ಸಮಾಧಾನ ಆಯ್ತಾ?"

ಇಲ್ಲ ಅನ್ನುವುದೇ ಒಳ್ಳೆಯ ಉತ್ತರ. ಯಾವ ಪುಸ್ತಕ ತೆರೆದರೂ ಇಲ್ಲ ಎಂದೇ ಬರೆದಿರುತ್ತದೆ.

"ಆಯ್ತು" ಅಂದಳು ರೊವೀನಾ. "ಒಂದು ಕ್ಷಣ. ಆ ಕ್ಷಣ ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೆ ಭಯ ಆಗುತ್ತೆ."

ಸಮಯ ಮುಗಿಯಿತು. ಎರಡು ಮುಖಗಳೂ ಒಂದೇ ಸಲ ಮಾಯವಾದವು. ನಾಯಿಯೊಂದಿಗೆ ಮಾರ್ಲೀನ್ ವಾಪಸು ಬಂದಾಗ ಮಗಳು ಇನ್ನೂ ಕೈಯ ಮೇಲೇ ಕೂತಿದ್ದಳು.

"ಹೆಂಗಾಯ್ತು?"

"ಹೋಯ್ತಮ್ಮ."

"ಹೋದ್ರೆ ಹೋಗ್ಲಿ. ಚಹಾ ಕುಡಿ."

ಮಾರ್ಚ್ ಕೊನೆಯ ವಾರ, ಮಧ್ಯಾಹ್ನದ ಹೊತ್ತು. ಎಮರ್ಜೆನ್ಸಿಯಲ್ಲಿ ಸೈಕಲ್ಲಿನಿಂದ ಬಿದ್ದ ಪೋಸ್ಟಿನಾಕೆಯೊಬ್ಬಳ ಎದೆಯ ಎಕ್ಸ್‌ರೇ ರೊವೀನಾಳ ಮುಂದಿತ್ತು. ಕೊರಳ ಎಲುಬು ಮುರಿದದ್ದು ಬಾಗಿಲಲ್ಲಿ ನಿಂತವರಿಗೂ ಕಾಣುವಂತಿತ್ತು. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಸುತ್ತಲಿದ್ದ ಇನ್ನಿಬ್ಬರ ಜೇಬಿನಲ್ಲೂ ಗುಂಯ್‌ಗುಟ್ಟಿತು. ಒಬ್ಬ ಓಡುತ್ತಾ ಕಾರಿಡಾರಿಗೆ ಹೋದ. ಫಲಿತಾಂಶ ಬಂದಿತ್ತು.

ರೊವೀನಾಳ ಕೈ ಜೇಬಿನವರೆಗೆ ಹೋಗಿ ನಿಂತಿತು. ಇನ್ನೇನು, ಎಂದು ಕೇಳಿಕೊಂಡಳು. ಎರಡೂ ಕಡೆಯ ಶ್ವಾಸಕೋಶದ ತುದಿ, ಕೊರಳ ಎಲುಬಿನ ಹಿಂದೆ, ಹೃದಯದ ಹಿಂದೆ, ಪಕ್ಕೆಲುಬು ಒಂದೊಂದಾಗಿ, ಚಿತ್ರದ ನಾಲ್ಕು ಮೂಲೆ. ಏನೂ ಇರಲಿಲ್ಲ. ಫೋನ್ ಇನ್ನೊಂದು ಸಲ ಗುಂಯ್ ಎಂದಿತು. ಅವಳು ಮೊದಲಿಂದ ಇನ್ನೊಂದು ಸಲ ನೋಡಿದಳು. ಪೋಸ್ಟಿನಾಕೆಗೆ ಕೈಪಟ್ಟಿ ಕಟ್ಟಿಸಿ, ಮೂಳೆ ಡಾಕ್ಟರಿಗೆ ಚೀಟಿ ಬರೆದ ಮೇಲೆಯೇ ಫೋನ್ ತೆಗೆದದ್ದು.

ಮನೆಯಿಂದ ಎರಡು ಗಂಟೆಯ ದಾರಿಯ ಊರಿನಲ್ಲಿ ಜಾಗ ಸಿಕ್ಕಿತ್ತು. ಆಗಸ್ಟಿನ ಮೊದಲ ಬುಧವಾರದಿಂದ.

ತಾಯಿಗೆ ಫೋನ್ ಮಾಡಿದಳು. ಮಾರ್ಲೀನ್ ಕಿರುಚಿದ್ದು ಪಕ್ಕದಲ್ಲಿದ್ದ ನರ್ಸಿಗೂ ಕೇಳಿಸಿತು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು, "ಇನ್ನಾದ್ರೂ ಭಯ ಹೋಯ್ತಾ ಕಂದ?"

"ಇಲ್ಲಮ್ಮ" ಅಂದಳು ರೊವೀನಾ. "ಜಾಸ್ತಿ ಆಗಿದೆ."

"ಸದ್ಯ" ಅಂದಳು ಮಾರ್ಲೀನ್.